ಪೆರಡಾಲದ ಮಾಷ್ಟ್ರು

ಕಯ್ಯಾರ ಕಿಞ್ಞಣ್ಣ ರೈಗಳ ಹೆಸರೆತ್ತಿದರೆ ಘಟ್ಟದ ಮೇಲಿನವರಿಗೆ ನೆನಪಾಗುವುದು ಕಾಸರಗೋಡಿನ ಹೋರಾಟ. ಗಡಿನಾಡಿನ ಕವಿ, ಕೆಚ್ಚಿನ ಕವಿ ಎಂದು ಭಾಷಣದಲ್ಲಿ ಎರಡು ಮಾತು ಹೇಳಿ ಮುಂದೆ ಹೋಗುತ್ತಾರೆ. ತಪ್ಪೇನಲ್ಲ. ಆದರೆ ನನ್ನ ತವರಿನ ಕಡೆಯ ಹಿರಿಯರ ಬಾಯಲ್ಲಿ ಅವರು ಮೊದಲು ಮಾಷ್ಟ್ರು, ಆಮೇಲೆ ಕವಿ. (ನಮ್ಮಲ್ಲಿ ಮೇಷ್ಟ್ರು ಎನ್ನುವ ರೂಢಿಯಿಲ್ಲ, ಮಾಷ್ಟ್ರು. ಹೆಂಗಸಾದರೆ ಟೀಚರು.) ಅವರ ತರಗತಿಯಲ್ಲಿ ಕುಳಿತವಳಲ್ಲ ನಾನು. ಆದರೂ ಇಷ್ಟು ವರ್ಷ ಟೀಚರು ಎನ್ನಿಸಿಕೊಂಡ ಮೇಲೆ ನನಗೂ ಕವಿಗಿಂತ ಆ ಮಾಷ್ಟ್ರೇ ಹತ್ತಿರ.

ವಿಟ್ಲದಿಂದ ತವರಿಗೆ ಹೋಗುವ ಬಸ್ಸು ಅಡ್ಯನಡ್ಕ ದಾಟಿ ಅಡ್ಕಸ್ಥಳಕ್ಕೆ ಬಂದರೆ ಕರ್ನಾಟಕ ಮುಗಿಯಿತು. ಮುಂದೆ ಪೆರ್ಲ, ಅದರಾಚೆ ಬದಿಯಡ್ಕ. ಪೆರಡಾಲ ಅದರ ಮಗ್ಗುಲಲ್ಲೇ. ಗುಡ್ಡ ಅದೇ, ಅಡಿಕೆ ತೋಟ ಅದೇ, ಬಸ್ಸಿನೊಳಗಿನ ತುಳುವೂ ಅದೇ. ಬೋರ್ಡಿನ ಅಕ್ಷರ ಮಾತ್ರ ಬೇರೆ. ಹಿಂದೆ ಇದೆಲ್ಲ ಒಂದೇ ಜಿಲ್ಲೆ. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು. ಚಂದ್ರಗಿರಿ ಹೊಳೆಯ ಉತ್ತರದ ಭಾಗವನ್ನು ಮೈಸೂರು ರಾಜ್ಯಕ್ಕೆ ಕೊಡಬೇಕೆಂದು ಮಹಾಜನ ಆಯೋಗ 1967ರಲ್ಲಿ ಹೇಳಿದರೂ ಅದು ಕಾಗದದಲ್ಲೇ ಉಳಿಯಿತು.

ರೈಗಳು ಹುಟ್ಟಿದ್ದು 1915ರ ಜೂನ್ 8ರಂದು. ಮನೆಮಾತು ತುಳು. ಹನ್ನೆರಡನೆಯ ವಯಸ್ಸಿಗೇ ‘ಸುಶೀಲಾ’ ಎಂಬ ಕೈಬರಹದ ಪತ್ರಿಕೆ ಹೊರಡಿಸಿದರಂತೆ. ಮುಂದೆ ಕನ್ನಡ ಕಲಿಸುವುದೇ ಅವರ ವೃತ್ತಿಯಾಯಿತು. ಪಾಠ ಮುಗಿದರೆ ಬೇಸಾಯ. ಬದಿಯಡ್ಕ ಪಂಚಾಯತಿನ ಅಧ್ಯಕ್ಷರೂ ಆಗಿದ್ದರು. ಆತ್ಮಕಥೆಗೆ ಅವರಿಟ್ಟ ಹೆಸರು ‘ದುಡಿತವೆ ನನ್ನ ದೇವರು’. ಇಂಥ ಹೆಸರನ್ನು ಬೇರೆ ಯಾರಾದರೂ ಇಟ್ಟಿದ್ದರೆ ಸ್ವಲ್ಪ ಅತಿಯಾಯಿತು ಎನ್ನಿಸುತ್ತಿತ್ತೋ ಏನೋ.

ಮಕ್ಕಳ ಓದಿಗಾಗಿ ಅವರು ‘ನವೋದಯ ವಾಚನ ಮಾಲೆ’ ಎಂಬ ಪುಸ್ತಕಗಳನ್ನು ಬರೆದರು. ವ್ಯಾಕರಣ, ಪ್ರಬಂಧಗಳ ಬಗ್ಗೆಯೂ ಬರೆದರು. ವಿಮರ್ಶಕರು ಇವುಗಳ ಸುದ್ದಿಗೆ ಹೋಗುವುದಿಲ್ಲ. ಆದರೆ ಒಂದನೇ ತರಗತಿಯಲ್ಲಿ ಕಲಿಸಿದವರನ್ನು ಕೇಳಿ. ಮನೆಯಲ್ಲಿ ತುಳು ಆಡುವ ಹುಡುಗ ಒಬ್ಬ, ಮಲಯಾಳ ಆಡುವವಳು ಒಬ್ಬಳು, ಕೊಂಕಣಿ, ಮರಾಠಿ, ಹವ್ಯಕ, ಬ್ಯಾರಿ, ಎಲ್ಲ ಒಂದೇ ಚಾಪೆಯ ಮೇಲೆ. ಆ ಮಕ್ಕಳಿಗೆಲ್ಲ ಅರ್ಥವಾಗುವಂಥ ನಾಲ್ಕು ಸಾಲಿನ ಪಾಠ ಬರೆಯುವುದು ನನ್ನ ಮಟ್ಟಿಗೆ ಖಂಡಕಾವ್ಯ ಬರೆಯುವುದಕ್ಕಿಂತ ಕಷ್ಟ.

ಖಂಡಕಾವ್ಯ ಎಂದಾಗ ನೆನಪಾಯಿತು. ಕಾಸರಗೋಡು ಕರ್ನಾಟಕಕ್ಕೆ ಸೇರಬೇಕೆಂದು ಬದುಕಿಡೀ ಹಟ ಹಿಡಿದ ಇದೇ ಮನುಷ್ಯ ಮಲಯಾಳದ ಮಹಾಕವಿ ಕುಮಾರನ್ ಆಶಾನರ ಖಂಡಕಾವ್ಯಗಳನ್ನು ಕನ್ನಡಕ್ಕೆ ತಂದರು. ಇದು ನನಗೆ ಬಹಳ ದೊಡ್ಡ ಸಂಗತಿ ಎನ್ನಿಸುತ್ತದೆ. ಜಗಳ ಗೆರೆಯೊಡನೆ, ಪಕ್ಕದ ಮನೆಯ ಮಾತಿನೊಡನಲ್ಲ. ನನ್ನ ಅಮ್ಮ ಐದನೇ ತರಗತಿಯವರೆಗೆ ಕನ್ನಡ ಕಲಿತವರು. ರೇಷನ್ ಕಾರ್ಡು ಮಲಯಾಳದಲ್ಲಿ ಬರುತ್ತಿತ್ತು. ಅದನ್ನು ಸೆರಗಿನಲ್ಲಿ ಮುಚ್ಚಿಕೊಂಡು ಬೇಲಿಯಾಚೆಯ ಮಲಯಾಳಿ ಅಕ್ಕನ ಹತ್ತಿರ ಓದಿಸಿಕೊಂಡು ಬರುತ್ತಿದ್ದರು. ಬರುವಾಗ ಕೈಯಲ್ಲಿ ಅವರು ಕೊಟ್ಟ ಬಸಳೆಯ ಕಟ್ಟೂ ಇರುತ್ತಿತ್ತು. ಸಂಜೆ ಒಲೆಯ ಮುಂದೆ ಕುಳಿತು, “ನನ್ನ ಹೆಸರನ್ನೇ ನನಗೆ ಓದಲು ಬರುವುದಿಲ್ಲವಲ್ಲ ಮಾರಾಯ್ತಿ” ಎಂದು ನನ್ನೊಡನೆ ಹೇಳುತ್ತಿದ್ದರು. ಸಿಟ್ಟು ಸರಕಾರದ ಮೇಲೆ. ಬಸಳೆ ಕೊಟ್ಟವರ ಮೇಲೆ ಯಾಕೆ ಇರುತ್ತದೆ?

1997ರಲ್ಲಿ ಮಂಗಳೂರಿನ ಸಾಹಿತ್ಯ ಸಮ್ಮೇಳನಕ್ಕೆ ರೈಗಳು ಅಧ್ಯಕ್ಷರು. ಆಗ ಅವರಿಗೆ 82. ಕೈಗೂಸನ್ನು ಅತ್ತೆಯವರ ಬಳಿ ಬಿಟ್ಟು, ಶಾಲೆಯ ಇನ್ನಿಬ್ಬರು ಟೀಚರುಗಳೊಡನೆ ನಾನೂ ಹೋಗಿದ್ದೆ. ಹಿಂದಿನ ಸಾಲಿನಲ್ಲಿದ್ದ ನಮಗೆ ಮುಖ ಸರಿಯಾಗಿ ಕಾಣಲಿಲ್ಲ. ಹಳ್ಳಿಯ ಶಾಲೆಯ ಮಾಷ್ಟ್ರೊಬ್ಬರು ಅಲ್ಲಿ ಕುಳಿತಿದ್ದಾರೆ ಎಂಬ ಹೆಮ್ಮೆಯಲ್ಲಿ ನಾವು ಮೂವರೂ ನೇರವಾಗಿ ಕುಳಿತಿದ್ದೆವು, ಇನ್‌ಸ್ಪೆಕ್ಟರು ಬಂದ ದಿನದ ಹಾಗೆ!

ಈಗಿನ ಸಂಕಟ ಬೇರೆ. ಜೂನ್ ಬಂದರೆ ಕನ್ನಡ ಶಾಲೆಯ ಟೀಚರುಗಳು ತಲೆ ಎಣಿಸಬೇಕು. ಗಡಿಯ ಆಚೆಗೆ ಮಾತ್ರ ಅಲ್ಲ, ಈಚೆಗೂ. ತವರಿನಲ್ಲಿ ಒಮ್ಮೆ ತಮ್ಮನೊಡನೆ ಮಾತು ಬೆಳೆಯಿತು. “ಅಕ್ಕಾ, ಕನ್ನಡ ಶಾಲೆಗೆ ಹಾಕುತ್ತೇನೆ. ನಾಳೆ ಕೇರಳದಲ್ಲಿ ಕೆಲಸ ಯಾರು ಕೊಡುತ್ತಾರೆ, ನೀನಾ?” ಎಂದ. ನಾನು ಎದ್ದು ಅಕ್ಕಿ ತೊಳೆಯಲು ಹೋದೆ. ಅವನಿಗೆ ಕೊಡುವ ಉತ್ತರ ಇವತ್ತಿಗೂ ನನ್ನಲ್ಲಿಲ್ಲ. ಹೋರಾಟಗಾರ ಕವಿಯಲ್ಲಿ ಇತ್ತೋ ಏನೋ, ಟೀಚರಲ್ಲಿ ಇಲ್ಲ.

2015ರ ಜೂನ್‌ನಲ್ಲಿ ರೈಗಳಿಗೆ ನೂರು ತುಂಬಿತು. ಎರಡು ತಿಂಗಳು ಕಳೆದು, ಆಗಸ್ಟ್ 9ರಂದು ತೀರಿಕೊಂಡರು. ಮರುದಿನ ತರಗತಿಯಲ್ಲಿ ಅವರ ಹೆಸರನ್ನು ಬೋರ್ಡಿನ ಮೇಲೆ ದೊಡ್ಡದಾಗಿ ಬರೆದೆ. ಕಾಗುಣಿತದಲ್ಲಿ ಕಲಿತು ಎಲ್ಲರೂ ಮರೆತುಬಿಡುವ ‘ಞ’ ಆ ಹೆಸರಿನಲ್ಲಿ ಒತ್ತಿನ ಸಮೇತ ಜೀವಂತವಾಗಿದೆ ನೋಡಿ. ಮಕ್ಕಳಿಗೆ ಅದೊಂದು ಸರ್ಕಸ್ಸು.

ತಮ್ಮನ ಮಗಳು ಇಂಗ್ಲಿಷ್ ಶಾಲೆಗೇ ಹೋಗುತ್ತಾಳೆ. ರಜೆಯಲ್ಲಿ ನಮ್ಮಲ್ಲಿಗೆ ಬಂದಾಗ ದಿನಕ್ಕೊಂದು ಪುಟ ಕನ್ನಡ ಬರೆಸುತ್ತೇನೆ. ಈ ಸಲ ಆ ಹೆಸರನ್ನೂ ಬರೆಸಿದೆ. ಮೂರು ಸಲ ಅಳಿಸಿದಳು. ನಾಲ್ಕನೆಯ ಸಲ ಪೆನ್ಸಿಲು ಮೂಡಿಸಿಕೊಂಡು ಬಂದು, “ಅತ್ತೆ, ಇದರ ಬಾಲ ಯಾವ ಕಡೆಗೆ?” ಎಂದು ಕೇಳಿದಳು.