ನೆಕ್ಕಾರ್ ದಂಡೆಯಲ್ಲಿ ಕೇಶಿರಾಜ

ಪಶ್ಚಿಮ ಬೆಂಗಳೂರಿನ ಹೊಸಹಳ್ಳಿಯ ಆ ಜೈನ ಕುಟುಂಬ ಯುರೋಪಿಗೆ ಹೊರಟಾಗ ಪ್ಯಾರಿಸ್, ರೋಮ್‌ಗಳನ್ನು ಬಿಟ್ಟು ಜರ್ಮನಿಯ ಟ್ಯೂಬಿಂಗೆನ್ ಎಂಬ ಪುಟ್ಟ ಊರನ್ನು ಆರಿಸಿಕೊಂಡಿತು. ಹಟ ಅಜ್ಜಿಯದು. ಜೈನಕವಿ ಕೇಶಿರಾಜನ ‘ಶಬ್ದಮಣಿದರ್ಪಣ’ವನ್ನು 1872ರಲ್ಲಿ ಸಂಪಾದಿಸಿದ ಫರ್ಡಿನೆಂಡ್ ಕಿಟೆಲ್ 1903ರಲ್ಲಿ ಕೊನೆಯುಸಿರೆಳೆದ ಊರದು. ಕನ್ನಡವನ್ನು ತಡವರಿಸಿ ಓದುವ ಮೊಮ್ಮಕ್ಕಳಿಗೆ ಅದನ್ನು ತೋರಿಸದೆ ಅವರಿಗೆ ಸಮಾಧಾನವಿರಲಿಲ್ಲ.

ಸ್ಟುಟ್‌ಗಾರ್ಟಿನಿಂದ ಹೊರಟ ರೈಲು ಎಸ್ಲಿಂಗೆನ್ ದಾಟಿತು. ಹರ್ಮನ್ ಮೋಗ್ಲಿಂಗ್ 1881ರಲ್ಲಿ ತೀರಿಕೊಂಡದ್ದು ಅಲ್ಲಿಯೇ. ಮಕ್ಕಳ ಕಣ್ಣು ಗುಡ್ಡದ ದ್ರಾಕ್ಷಿತೋಟಗಳ ಮೇಲಿತ್ತು.

ಅಜ್ಜಿಗೆ ರಾತ್ರಿಭೋಜನ ತ್ಯಾಗ; ಕಂದಮೂಲವೂ ವರ್ಜ್ಯ. ಆಲೂಗಡ್ಡೆಯಿಲ್ಲದ ತಟ್ಟೆ ಆ ನಾಡಿನಲ್ಲಿ ಸುಲಭವಲ್ಲ. ಆದರೆ ಜೂನ್ ತಿಂಗಳ ಸೂರ್ಯ ಮಾತ್ರ ಉದಾರಿ, ಒಂಬತ್ತಾದರೂ ಮುಳುಗಲೊಲ್ಲ. “ಇನ್ನೂ ಬೆಳಕಿದೆಯಲ್ಲ ಅಜ್ಜಿ, ತಿನ್ನಬಹುದು” ಎಂದಳು ಮೊಮ್ಮಗಳು. ಅಜ್ಜಿ ನಕ್ಕು, ಊರಿನ ರೂಢಿಯಂತೆ ಆರಕ್ಕೇ ಊಟ ಮುಗಿಸಿದರು.

ನೆಕ್ಕಾರ್ ಸೇತುವೆಯ ಮೇಲೆ ಹುಡುಗ ಕೇಳಿದ: “ಮೇಯೋ ಹಾಲ್ ಹತ್ತಿರ ನಿಂತಿದ್ದಾರಲ್ಲ, ಅವರೇನಾ? ಅವರಿಗೆ ಕನ್ನಡ ಹೇಳಿಕೊಟ್ಟವರು ಯಾರು?” ಇಲ್ಲಿಯ ವಿಶ್ವವಿದ್ಯಾಲಯ 1896ರಲ್ಲಿ ಕಿಟೆಲ್‌ಗೆ ಗೌರವ ಡಾಕ್ಟರೇಟ್ ನೀಡಿದ್ದನ್ನು ಹೇಳಲು ಸಿದ್ಧರಾಗಿದ್ದ ಅಜ್ಜಿ ತಡೆದರು. 1894ರ ನಿಘಂಟಿನ ಹಲವೆಡೆ ಕೇಶಿರಾಜನ ಉಲ್ಲೇಖವಿದೆ.

“ಕೇಶಿರಾಜ. ಮತ್ತೆ, ಅವನ ಓಲೆಗರಿಗಳನ್ನು ನೂರಾರು ವರ್ಷ ಗೆದ್ದಲಿಗೆ ಬಿಡದೆ ಕಾಪಾಡಿದವರು.”

“ಅವರ ಪ್ರತಿಮೆ ಎಲ್ಲಿದೆ?”

ಅಜ್ಜಿ ಉತ್ತರಿಸಲಿಲ್ಲ. ಒಂಬತ್ತೂವರೆಯ ಹೊತ್ತಿಗೆ ಸೂರ್ಯ ಇಳಿಯುವುದನ್ನು ಕಂಡು ಮೊಮ್ಮಗಳು ಕೈಯಲ್ಲಿದ್ದ ಐಸ್‌ಕ್ರೀಮನ್ನು ಬೇಗಬೇಗನೆ ಮುಗಿಸಿದಳು.