ಹಳೆಯ ಕಂಪ್ಯೂಟರಿಗೆ ಹಗುರ ಲಿನಕ್ಸ್

ಕಾರ್ಕಳದ ಅಕ್ಕನ ಮಗಳ ಲ್ಯಾಪ್‌ಟಾಪಿಗೆ ಹತ್ತು ವರ್ಷ. ಮೆಮೊರಿ 4 ಜಿಬಿ. ವಿಂಡೋಸ್ 10ಕ್ಕೆ ಕಂಪನಿಯ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಆ ಯಂತ್ರವನ್ನು ಒಪ್ಪುವುದಿಲ್ಲ. ಮಣಿಪಾಲದಲ್ಲಿ ಹೊಸದರ ಬೆಲೆ ಕೇಳಿದ ಅಕ್ಕ ಸುಮ್ಮನಾದಳು. ಕಾಪುವಿನ ನಮ್ಮ ಮನೆಗೆ ಬಂದ ಹುಡುಗಿ, “ಮಾವ, ಇದನ್ನು ಗುಜರಿಗೆ ಹಾಕುವುದಾ?” ಎಂದಳು.

ಗುಜರಿಗೇಕೆ? 1991ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ ಆರಂಭಿಸಿದ ಲಿನಕ್ಸ್ ಇದೆಯಲ್ಲ! ಅದು ಉಚಿತ. ಆದರೆ ಅದರಲ್ಲಿ ನೂರಾರು ಬಗೆ. ಆರಿಸುವಾಗ ಹೆಸರಿಗಿಂತ ಮುಖ್ಯವಾದುದು ಪರದೆಯ ಮೇಲಿನ ಕಿಟಕಿ, ಮೆನುಗಳನ್ನು ನಡೆಸುವ ‘ಡೆಸ್ಕ್‌ಟಾಪ್’. ಗ್ನೋಮ್ ನೋಡಲು ಚೆಂದ, ಆದರೆ ಮೆಮೊರಿಯನ್ನು ಹೆಚ್ಚು ಬೇಡುತ್ತದೆ. ಎಕ್ಸ್‌ಎಫ್‌ಸಿಇ, ಎಲ್‌ಎಕ್ಸ್‌ಕ್ಯೂಟಿ ಮಿತಾಹಾರಿಗಳು. 4 ಜಿಬಿ ಇದ್ದರೆ ಲಿನಕ್ಸ್ ಮಿಂಟ್‌ನ ಎಕ್ಸ್‌ಎಫ್‌ಸಿಇ ಆವೃತ್ತಿ ಸಾಕು. ಅದಕ್ಕಿಂತ ಕಡಿಮೆಯಾದರೆ ಎಲ್‌ಎಕ್ಸ್‌ಕ್ಯೂಟಿ ಇರುವ ಲುಬುಂಟು ನೋಡಬಹುದು. ಬ್ರೌಸರಿನಲ್ಲಿ ಇಪ್ಪತ್ತು ಪುಟ ತೆರೆದಿಟ್ಟರೆ ಮಾತ್ರ ಯಾವ ಲಿನಕ್ಸೂ ಕಾಪಾಡದು.

ಪೆನ್‌ಡ್ರೈವಿನಿಂದಲೇ ಮೊದಲು ನಡೆಸಿ ನೋಡಿದೆವು. ಒಳಗಿನ ಡಿಸ್ಕನ್ನು ಮುಟ್ಟದೆ ವೈಫೈ, ಧ್ವನಿ, ಕ್ಯಾಮೆರಾ ಪರೀಕ್ಷಿಸಬಹುದು. ಎಲ್ಲವೂ ಸರಿಯೆನಿಸಿದ ಮೇಲೆ ಕಡತಗಳ ಪ್ರತಿ ತೆಗೆದಿಟ್ಟು ಅಳವಡಿಸಿದೆವು. ಕನ್ನಡಕ್ಕೂ ಕೊರತೆಯಿಲ್ಲ, ನಮ್ಮ ಕೆ.ಪಿ. ರಾವ್ ಅವರ ಕೀಲಿಮಣೆಯನ್ನು ಆಧರಿಸಿದ ‘ಕಗಪ’ ವಿನ್ಯಾಸ ಅದರಲ್ಲೇ ಇದೆ.

ಪಾಲಕರು ಒಂದು ಮಾತನ್ನು ಮೊದಲೇ ಉಪನ್ಯಾಸಕರಲ್ಲಿ ಕೇಳಿಕೊಳ್ಳಬೇಕು: ಪಾಠಕ್ಕೆ, ಪರೀಕ್ಷೆಗೆ ವಿಂಡೋಸಿನಲ್ಲೇ ನಡೆಯುವ ತಂತ್ರಾಂಶ ಬೇಕೇ? ಬೇಕಿಲ್ಲವೆಂದಾದರೆ ಹೊಸ ಯಂತ್ರದ ಹಣ ಮಕ್ಕಳ ಫೀಸಿಗೆ, ಪುಸ್ತಕಕ್ಕೆ ಉಳಿದೀತು.