ಹೊಗೆಗೂಡಿಲ್ಲದ ಮನೆಯ ಹೊಗೆ

ಏಪ್ರಿಲ್ ತಿಂಗಳ ನಡುಹಗಲು. ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಸಿಟಿಯ ರಸ್ತೆಬದಿಯಲ್ಲಿ ಎಳನೀರಿನವನು ಗೋಣಿತಾಟು ನೆನೆಸಿ ಕಾಯಿಗಳ ಮೇಲೆ ಹೊದಿಸುತ್ತಿರುತ್ತಾನೆ. ಎದುರಿನ ಗಾಜಿನ ಕಟ್ಟಡದ ನಾಲ್ಕನೆಯ ಮಹಡಿಯಲ್ಲಿ ಅದೇ ಹೊತ್ತಿಗೆ ಒಬ್ಬಾಕೆ ಕುರ್ಚಿಯ ಬೆನ್ನಿಗೆ ಹಾಕಿದ್ದ ಸ್ವೆಟರ್ ತೆಗೆದು ತೊಟ್ಟುಕೊಳ್ಳುತ್ತಾಳೆ. ಸಾಫ್ಟ್‌ವೇರ್ ಕಚೇರಿ ಕಂಡವರಿಗೆಲ್ಲ ಈ ಸ್ವೆಟರಿನ ಪರಿಚಯವುಂಟು. ಅದು ಎಂದೂ ಮನೆಗೆ ಹೋಗುವುದಿಲ್ಲ. ಚಳಿಗಾಲಕ್ಕೂ ಅದಕ್ಕೂ ಸಂಬಂಧವಿಲ್ಲ. ಬಿಸಿಲನ್ನು ಗಾಜಿನ ಗೋಡೆಯಿಂದ ಒಳಗೆ ಬಿಟ್ಟುಕೊಂಡು, ಯಂತ್ರ ಹಚ್ಚಿ ಹೊರಗಟ್ಟಿ, ಅಟ್ಟಿದ್ದು ಅತಿಯಾಯಿತೆಂದು ಉಣ್ಣೆ ಹೊದೆಯುವ ಈ ವ್ಯವಹಾರಕ್ಕೆ ತಿಂಗಳ ಕೊನೆಗೆ ಕರೆಂಟು ಬಿಲ್ಲು ಬರುತ್ತದೆ.

ಸಲಹೆ, ಲೆಕ್ಕಪರಿಶೋಧನೆ, ಸಾಫ್ಟ್‌ವೇರ್ ಇಂಥವನ್ನು ಮಾರುವ ಕಂಪನಿಗಳಿಗೆ ಹೊಗೆಗೂಡಿಲ್ಲ. ಕುಲುಮೆಯಿಲ್ಲ, ಬಾಯ್ಲರ್ ಇಲ್ಲ, ನದಿಗೆ ಬಿಡುವ ಬಣ್ಣದ ನೀರಿಲ್ಲ. ಹಾಗಾಗಿ ಬಹಳ ಕಾಲ ಅವು ತಮ್ಮನ್ನು ಮಡಿಯಲ್ಲಿರುವವರ ಪಂಕ್ತಿಯಲ್ಲೇ ಕೂರಿಸಿಕೊಂಡಿದ್ದವು. ಹೊಗೆ ಇರಲಿಲ್ಲವೆಂದಲ್ಲ, ಅದು ಪರವೂರಿನಲ್ಲಿತ್ತು. ಬೆಂಗಳೂರಿನಲ್ಲಿ ಸ್ವಿಚ್ ಒತ್ತಿದರೆ ರಾಯಚೂರಿನ ಶಕ್ತಿನಗರದಲ್ಲಿ ಕಲ್ಲಿದ್ದಲು ಉರಿಯಬೇಕು. 1,720 ಮೆಗಾವಾಟ್ ಸಾಮರ್ಥ್ಯದ ಆ ಉಷ್ಣ ಸ್ಥಾವರದ ಬೂದಿ ಬೀಳುವುದು ಅಲ್ಲಿಯವರ ಅಂಗಳಕ್ಕೆ, ಸ್ವೆಟರಿನ ಮೇಲಲ್ಲ.

ಈ ಪರವೂರಿನ ಹೊಗೆಯನ್ನು ಯಜಮಾನನ ಹೆಸರಿಗೆ ಬರೆಯುವ ಪದ್ಧತಿ ಬಂದದ್ದು ಈಚೆಗೆ. 2001ರಲ್ಲಿ ಹೊರಬಂದ ಗ್ರೀನ್‌ಹೌಸ್ ಗ್ಯಾಸ್ ಪ್ರೋಟೋಕಾಲ್ ಎಂಬ ಲೆಕ್ಕಶಾಸ್ತ್ರ ಮೂರು ಖಾತೆ ತೆರೆಯಿತು. ತನ್ನ ಡೀಸೆಲ್ ಜನರೇಟರಿನಲ್ಲಿ, ತನ್ನ ವಾಹನದಲ್ಲಿ ತಾನೇ ಉರಿಸಿದ್ದು ಮೊದಲನೆಯದು. ಕೊಂಡ ವಿದ್ಯುತ್ತಿಗಾಗಿ ಬೇರೆಯವರು ಉರಿಸಿದ್ದು ಎರಡನೆಯದು. ನೌಕರರ ಓಡಾಟ, ವಿಮಾನ ಪ್ರಯಾಣ, ಕೊಂಡ ಸಾಮಾನು ಎಲ್ಲವೂ ಮೂರನೆಯದು. ಚಿತ್ರಗುಪ್ತ ಕೂಡ ಇಷ್ಟು ವಿಂಗಡಿಸಿ ಬರೆದಿರಲಾರ. ಸೇವೆ ಮಾರುವವರ ಮೊದಲ ಖಾತೆ ಸಣ್ಣದು. ಪಾಪವೆಲ್ಲ ಎರಡು ಮತ್ತು ಮೂರರಲ್ಲಿ.

ಇನ್ಫೊಸಿಸ್ ಕಂಪನಿಯ ಕತೆ ಇಲ್ಲಿ ಹೇಳುವಂಥದ್ದು. 2011ರಲ್ಲಿ ಅದು ಇಂಗಾಲ ತಟಸ್ಥವಾಗುತ್ತೇನೆಂದು ವಿಶ್ವಸಂಸ್ಥೆಗೆ ಮಾತು ಕೊಟ್ಟಿತು. ಮಾತು ಕೊಡುವುದೇನೂ ದೊಡ್ಡದಲ್ಲ, ಇಂದು ಯಾರು ಬೇಕಾದರೂ ಕೊಡುತ್ತಾರೆ. ಸ್ವಾರಸ್ಯವಿರುವುದು ಅದೇ ಹೊತ್ತಿಗೆ ಹೈದರಾಬಾದಿನ ಪೋಚಾರಂ ಕ್ಯಾಂಪಸ್ಸಿನಲ್ಲಿ ಎದ್ದ ಒಂದು ಕಟ್ಟಡದಲ್ಲಿ.

ಎರಡೂವರೆ ಲಕ್ಷ ಚದರ ಅಡಿಯ ಆ ಕಟ್ಟಡವನ್ನು ಅಣ್ಣತಮ್ಮಂದಿರು ಮನೆ ಪಾಲು ಮಾಡಿಕೊಂಡ ಹಾಗೆ ನಡುವೆ ಸೀಳಲಾಯಿತು. ಗೋಡೆ, ಕಿಟಕಿ, ಸೂರ್ಯನ ದಿಕ್ಕು, ಕೂರುವವರ ಸಂಖ್ಯೆ ಎರಡೂ ಕಡೆ ಸರಿಸಮ. ಒಂದು ಪಾಲಿಗೆ ತಣ್ಣನೆಯ ಗಾಳಿ ಊದುವ ರೂಢಿಯ ಹವಾನಿಯಂತ್ರಣ. ಅದನ್ನೂ ಬೇಕೆಂದೇ ಕಳಪೆ ಮಾಡದೆ, ಸಾಧ್ಯವಿದ್ದಷ್ಟು ಚೊಕ್ಕವಾಗಿ ಮಾಡಿದ್ದರು. ಇನ್ನೊಂದು ಪಾಲಿನಲ್ಲಿ ಕಾಂಕ್ರೀಟ್ ಚಾವಣಿಯ ಹೊಟ್ಟೆಯೊಳಗೆ ಕೊಳವೆ ಹುದುಗಿಸಿ ತಣ್ಣೀರು ಹರಿಸಿದರು. ಆಮೇಲೆ ಎರಡಕ್ಕೂ ಬೇರೆ ಬೇರೆ ಮೀಟರ್ ಇಟ್ಟು ಕಾದರು.

ತಣ್ಣೀರಿನ ಪಾಲು ಎರಡು ವರ್ಷದಲ್ಲಿ ಶೇ 34ರಷ್ಟು ಕಡಿಮೆ ವಿದ್ಯುತ್ತಿನಲ್ಲಿ ತಂಪಾಗಿತ್ತು. ಕಟ್ಟುವ ಖರ್ಚೂ ಏರಿರಲಿಲ್ಲ. 2014ರಲ್ಲಿ ಅಮೆರಿಕದ ಆಶ್ರೇ ಜರ್ನಲ್‌ನಲ್ಲಿ ಈ ಲೆಕ್ಕ ಪ್ರಕಟವಾಯಿತು. ಸಾಮಾನ್ಯವಾಗಿ ಇಂಥ ಹೋಲಿಕೆಗಳು ಕಂಪ್ಯೂಟರಿನೊಳಗೇ ನಡೆದು ಮುಗಿಯುತ್ತವೆ. ಒಂದೇ ಸೂರಿನಡಿ, ಒಂದೇ ಬಿಸಿಲಿಗೆ, ನಿಜವಾದ ಮನುಷ್ಯರನ್ನು ಎರಡು ಪಂಕ್ತಿಯಲ್ಲಿ ಕೂರಿಸಿ ನೋಡಿದ್ದು ಅಪರೂಪ. ತಾವು ಒಂದು ಪ್ರಯೋಗದ ಒಳಗೆ ಕೂತು ಕೋಡ್ ಬರೆಯುತ್ತಿದ್ದೇವೆಂಬುದು ಆ ಮನುಷ್ಯರಲ್ಲಿ ಎಷ್ಟು ಜನರ ನೆನಪಿನಲ್ಲಿತ್ತೋ.

ಇದರ ಮರ್ಮ ದೊಡ್ಡದೇನಲ್ಲ. ಒಂದು ಲೀಟರ್ ನೀರು ಹೊತ್ತೊಯ್ಯುವ ಶಾಖವನ್ನು ಹೊರಲು ಮೂರು ಸಾವಿರ ಲೀಟರಿಗೂ ಹೆಚ್ಚು ಗಾಳಿ ಬೇಕು. ಗಾಳಿ ತಳ್ಳಲು ದೊಡ್ಡ ದೊಡ್ಡ ಫ್ಯಾನು ತಿರುಗಬೇಕು. ನೀರಿಗಾದರೆ ಸಣ್ಣ ಪಂಪು ಸಾಕು. ಜೊತೆಗೆ, ಗಾಳಿಯನ್ನು ತಣ್ಣಗೆ ಮಾಡಿ ಅದರ ತೇವ ಹಿಂಡಬೇಕಾದರೆ ಯಂತ್ರದೊಳಗಿನ ನೀರನ್ನು ಏಳು ಡಿಗ್ರಿಯ ಹತ್ತಿರಕ್ಕೆ ಇಳಿಸುತ್ತಾರೆ. ಚಾವಣಿಯ ಕೊಳವೆಗೆ ಅಷ್ಟು ತಣ್ಣಗಿನ ನೀರು ಬೇಡ.

ಬೇಸಿಗೆ ರಜೆಯಲ್ಲಿ ಅಜ್ಜನ ಮನೆಯ ಕೆಂಪು ಗಾರೆ ನೆಲದ ಮೇಲೆ ಚಾಪೆಯೂ ಇಲ್ಲದೆ ಅಂಗಿ ಬಿಚ್ಚಿ ಮಲಗಿದವರಿಗೆ ಇದನ್ನು ಯಾವ ಎಂಜಿನಿಯರನೂ ವಿವರಿಸಬೇಕಿಲ್ಲ. ಗಾಳಿ ಬಿಸಿಯಾಗಿಯೇ ಇರುತ್ತಿತ್ತು, ಮೈ ಮಾತ್ರ ತಣ್ಣಗಾಗುತ್ತಿತ್ತು. ನೆಲ ಸದ್ದಿಲ್ಲದೆ ಮೈಯ ಕಾವು ಹೀರಿಕೊಳ್ಳುತ್ತಿತ್ತು. ಒಂದು ಜಾಗ ಬೆಚ್ಚಗಾದರೆ ಹೊರಳಿ ಪಕ್ಕಕ್ಕೆ ಸರಿಯುವುದು, ಅಷ್ಟೇ ಥರ್ಮೋಸ್ಟಾಟು. ಪೋಚಾರಂನಲ್ಲಿ ಆ ತಂಪು ನೆಲ ತಲೆಯ ಮೇಲಕ್ಕೆ ಹೋಗಿದೆ.

ಆದರೆ ಅಜ್ಜನ ಮನೆಯ ಹೋಲಿಕೆಯನ್ನು ಬಹಳ ಎಳೆಯಬಾರದು. ತಣ್ಣೀರು ತುಂಬಿದ ಹಿತ್ತಾಳೆ ಚೊಂಬಿನ ಹೊರಮೈ ಬೆವರುವುದನ್ನು ಎಲ್ಲರೂ ಬಲ್ಲರು. ಚಾವಣಿ ಹಾಗೆ ಬೆವರಿದರೆ ಕಂಪ್ಯೂಟರುಗಳ ಮೇಲೆ ಮಳೆ ಬರುತ್ತದೆ. ಹಾಗಾಗಿ ಒಳಬರುವ ಗಾಳಿಯ ತೇವವನ್ನು ಬೇರೆಯೇ ಯಂತ್ರದಿಂದ ತೆಗೆಯಬೇಕು. ಸೆಕೆಯೆಂದು ಯಾರೋ ಕಿಟಕಿ ತೆರೆದರೆ ಲೆಕ್ಕ ತಪ್ಪುತ್ತದೆ. ತೊಟ್ಟಿಮನೆಯ ಸ್ವಾತಂತ್ರ್ಯ ಇಲ್ಲಿಲ್ಲ. ಗಾಜಿನ ಗೋಡೆಯನ್ನೂ ಬಿಡಬೇಕು. ವಿದೇಶದ ಚಳಿ ನಾಡಿನಲ್ಲಿ ಬಿಸಿಲಿಗೆ ಹಾತೊರೆದು ಕಟ್ಟಿದ ಗಾಜಿನ ಮನೆಯನ್ನು, ಬಿಸಿಲಿಗೆ ಕೊಡೆ ಹಿಡಿಯುವ ನಾಡು ಪ್ರತಿಷ್ಠೆಗೆಂದು ನಕಲು ಮಾಡಿತ್ತು. ಆ ಮೋಹ ಇಳಿದ ಮೇಲೆ ಕಿಟಕಿ ಚಿಕ್ಕದಾಯಿತು, ಅದಕ್ಕೊಂದು ಸೂರೂ ಬಂತು.

ತಂಪಿನ ಕೆಲಸ ಇಷ್ಟಾದರೆ ಬಿಸಿಲಿನ ಕೆಲಸ ಇನ್ನೊಂದು. ಮಳೆ ಕೈಕೊಡುವ ತುಮಕೂರು ಜಿಲ್ಲೆಯ ಶಿರಾ ಬಳಿ ಕಂಪನಿ 40 ಮೆಗಾವಾಟ್ ಸೌರ ಸ್ಥಾವರ ಹಾಕಿತು. ಒಂದು ಕಾಲದ ರಾಗಿ, ಶೇಂಗಾ ಸೀಮೆಯ ಬಿಸಿಲು ಈಗ ತಂತಿಯ ಮೇಲೆ ರಾಜಧಾನಿಯತ್ತ ಹರಿಯುತ್ತದೆ. 2008ನೇ ಹಣಕಾಸು ವರ್ಷಕ್ಕೆ ಹೋಲಿಸಿದರೆ ತಲಾ ವಿದ್ಯುತ್ ಬಳಕೆ ಅರ್ಧಕ್ಕಿಂತ ಹೆಚ್ಚು ಇಳಿದಿದೆಯೆಂದು ಕಂಪನಿ ಹೇಳಿತು. ತಲಾ ಎಂಬ ಮಾತನ್ನು ಗಮನಿಸಬೇಕು. ಊಟ ಅರ್ಧವಾದರೂ ಪಂಕ್ತಿ ಉದ್ದವಾಗುತ್ತ ಹೋದರೆ ಅಡುಗೆಯವನ ಸೌದೆ ಉಳಿಯುವುದಿಲ್ಲ. ಹಾಗೆಂದು ಉಳಿಸಿದ್ದು ಸುಳ್ಳೂ ಅಲ್ಲ. ಉಳಿಸದೆಯೇ ಪಂಕ್ತಿ ಬೆಳೆದಿದ್ದರೆ ಏನಾಗುತ್ತಿತ್ತೆಂದು ಶಕ್ತಿನಗರದವರನ್ನು ಕೇಳಬೇಕು.

ಮೂರನೆಯ ಖಾತೆಯಲ್ಲಿ ಎಂಜಿನಿಯರನ ಕೈ ಅಷ್ಟಾಗಿ ಓಡುವುದಿಲ್ಲ. ಗ್ರಾಹಕರು ಸಮುದ್ರದಾಚೆ ಇರುವಾಗ ವಿಮಾನ ತಪ್ಪದು. ನೌಕರರು ನಗರದ ಮೂಲೆ ಮೂಲೆಯಿಂದ ಬರಬೇಕು. ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ನಿಂತಲ್ಲೇ ಉರಿದ ಪೆಟ್ರೋಲನ್ನು ಯಾರ ಹೆಸರಿಗೆ ಬರೆಯುವುದೋ. 2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಬಂದು ಎಲ್ಲರೂ ಮನೆ ಸೇರಿದಾಗ ಕಚೇರಿಯ ಮೀಟರು ಕುಸಿಯಿತು, ಮನೆಯ ಮೀಟರು ಓಡಿತು. 2025ರ ಆಗಸ್ಟ್‌ನಲ್ಲಿ ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರದವರೆಗೆ ನಮ್ಮ ಮೆಟ್ರೊದ ಹಳದಿ ಮಾರ್ಗ ತೆರೆಯಿತು. ಅದರ ಕೋನಪ್ಪನ ಅಗ್ರಹಾರ ನಿಲ್ದಾಣಕ್ಕೆ ಹಣ ಕೊಡಲು ಇನ್ಫೊಸಿಸ್ ಪ್ರತಿಷ್ಠಾನ 2018ರಲ್ಲೇ ಒಪ್ಪಿತ್ತು. ಆರಂಭದಲ್ಲಿ ಇದ್ದದ್ದು ಮೂರೇ ರೈಲು, 25 ನಿಮಿಷಕ್ಕೊಂದು. ಒಂದು ತಪ್ಪಿದವರು ಪ್ಲಾಟ್‌ಫಾರಮ್ಮಿನಲ್ಲಿ ನಿಂತು ಹಳೆಯ ಬಸ್ಸನ್ನೇ ನೆನೆಯುವಂತಿತ್ತು.

ಏನು ಮಾಡಿದರೂ ಉಳಿಯುವ ಹೊಗೆಗೆ ಪರಿಹಾರವೆಂದರೆ ಅಷ್ಟೇ ಹೊಗೆಯನ್ನು ಇನ್ನೆಲ್ಲೋ ತಗ್ಗಿಸಿ, ಆ ಉಳಿತಾಯವನ್ನು ತನ್ನ ಹೆಸರಿಗೆ ಜಮಾ ಮಾಡಿಕೊಳ್ಳುವುದು. ಮುಡಿ ಕೊಡುವ ಹರಕೆ ಹೊತ್ತವನು ಪಕ್ಕದ ಮನೆಯವನ ತಲೆ ಬೋಳಿಸಿದ ಹಾಗಾಯಿತು ಎಂದು ನಗಬಹುದು. ಇಲ್ಲಿ ಒಂದು ವ್ಯತ್ಯಾಸವುಂಟು: ಪಕ್ಕದ ಮನೆಯವನಿಗೂ ಇದರಿಂದ ಲಾಭವಿದೆ. ಇನ್ಫೊಸಿಸ್ ಹಣ ಕೊಟ್ಟದ್ದು ಗೋಬರ್ ಗ್ಯಾಸಿಗೆ, ಸುಧಾರಿತ ಸೌದೆ ಒಲೆಗೆ. ರಾಮನಗರದ ಕಡೆಯ ಹಳ್ಳಿಗಳ ಹಿತ್ತಿಲಲ್ಲಿ ಗೋಬರ್ ಗ್ಯಾಸಿನ ಗುಮ್ಮಟಗಳು ಎದ್ದವು. 2020ರಲ್ಲಿ ತಾನು ತಟಸ್ಥನಾದೆನೆಂದು ಕಂಪನಿ ಸಾರಿತು. ಈ ಯೋಜನೆಗಳಿಂದ ಒಂದು ಲಕ್ಷಕ್ಕೂ ಹೆಚ್ಚು ಗ್ರಾಮೀಣ ಕುಟುಂಬಗಳಿಗೆ ಅನುಕೂಲವಾಗಿದೆಯೆಂದೂ ಹೇಳಿತು. ಅದಕ್ಕೆ ಹಿಂದಿನ ವರ್ಷವಷ್ಟೇ ವಿಶ್ವಸಂಸ್ಥೆಯ ಹವಾಮಾನ ಪ್ರಶಸ್ತಿ ಬಂದಿತ್ತು.

ಹೊಗೆಗೂಡಿಲ್ಲದ ಕಂಪನಿಯ ಲೆಕ್ಕ ಕೊನೆಗೆ ಹೊಗೆಗೂಡಿಲ್ಲದ ಅಡುಗೆಮನೆಯಲ್ಲಿ ಬಂದು ನಿಂತದ್ದು ವಿಚಿತ್ರ. ಊದುಕೊಳವೆ ಹಿಡಿದು ಕಣ್ಣು ಕೆಂಪಾಗಿಸಿಕೊಂಡವರಿಗೆ ನೀಲಿ ಜ್ವಾಲೆ ಎಂಥ ಬಿಡುಗಡೆಯೆಂದು ಗೊತ್ತು. ಅದನ್ನು ಟನ್ನುಗಳಲ್ಲಿ ಅಳೆಯಹೊರಟಾಗ ತಕರಾರು ಶುರು. 2024ರಲ್ಲಿ ಕ್ಯಾಲಿಫೋರ್ನಿಯಾದ ಬರ್ಕ್ಲಿ ವಿಶ್ವವಿದ್ಯಾಲಯದ ಸಂಶೋಧಕರು ತಾವು ಪರಿಶೀಲಿಸಿದ ಒಲೆ ಯೋಜನೆಗಳು ಇರುವುದಕ್ಕಿಂತ ಸುಮಾರು ಒಂಬತ್ತು ಪಟ್ಟು ಹೆಚ್ಚು ಉಳಿತಾಯ ಬರೆದುಕೊಂಡಿವೆ ಎಂದರು. ಅವರು ಬರೆದದ್ದು ಜಗತ್ತಿನ ಹಲವೆಡೆಯ ಯೋಜನೆಗಳನ್ನು ನೋಡಿ, ಈ ಕಂಪನಿಯದನ್ನೇ ಕುರಿತಲ್ಲ. ಆದರೂ ಹೊಸ ಒಲೆ ಬಂದ ಮನೆಯಲ್ಲಿ ಹಳೆ ಒಲೆ ತಣ್ಣಗೆ ಕೂರುತ್ತದೆಂದು ನಂಬುವವರು ಹಳ್ಳಿಯ ಅಡುಗೆಮನೆಗೆ ಕಾಲಿಟ್ಟವರಾಗಿರಲಾರರು. ಮಾಪನದ ಮಟ್ಟಿಗೆ ಪೋಚಾರಂನ ಎರಡು ಮೀಟರುಗಳೇ ವಾಸಿ. ಅಲ್ಲಿ ಇಳಿದದ್ದು ತನ್ನದೇ ಮುಳ್ಳು, ಎರಡನೆಯವರ ಪುಣ್ಯ ಬೇಕಿರಲಿಲ್ಲ.

ಎರಡು ಘನ ಮೀಟರಿನ ಗೋಬರ್ ಗ್ಯಾಸ್ ಗುಮ್ಮಟಕ್ಕೆ ದಿನಕ್ಕೆ ಸುಮಾರು ಐವತ್ತು ಕಿಲೋ ಸಗಣಿ ಬೇಕು; ನಾಲ್ಕೈದು ದನವಿದ್ದರೆ ಸರಿಹೋಗುತ್ತದೆ. ಬೆಳಗ್ಗೆ ಕೊಟ್ಟಿಗೆ ಬಾಚಿ, ಸಮ ನೀರು ಹಾಕಿ, ಕಡ್ಡಿ ಕಸ ಆರಿಸಿ ಬಗ್ಗಡ ಕಲಸಿ ಗುಂಡಿಗೆ ಬಿಡುವವಳು ಮನೆಯ ಹೆಂಗಸು. ಯಾವ ಖಾತೆಯಲ್ಲೂ ಆ ಕೈಯ ಲೆಕ್ಕವಿಲ್ಲ. ಮೇವು ತುಟ್ಟಿಯಾದ ವರ್ಷ ಎರಡು ಹಸು ಸಂತೆಗೆ ಹೋದರೆ ಜ್ವಾಲೆ ಸಾರಿಗೆ ಸಾಕಾಗಿ ಮುದ್ದೆಗೆ ಸಾಲದು. ಸ್ನಾನದ ಹಂಡೆಯಂತೂ ಅದಕ್ಕೆ ಮೊದಲಿನಿಂದಲೂ ದಕ್ಕಿದ್ದಲ್ಲ. ಬಚ್ಚಲ ಒಲೆಗೆ ತೆಂಗಿನ ಮಟ್ಟೆ, ಹೊಂಬಾಳೆ, ಒಣಗರಿ ಬೀಳುತ್ತಲೇ ಇರುತ್ತವೆ. ಊದುಕೊಳವೆಯನ್ನು ಅದಕ್ಕೇ ಯಾರೂ ಎಸೆದಿಲ್ಲ. ಅಡುಗೆಮನೆಯಿಂದ ಬಚ್ಚಲಿಗೆ ಹೋಗಿದೆ, ಅಷ್ಟೇ.